ಪಾಸಾದವರಿಗಿಲ್ಲದ ಚಾಳೀಸು

ನಮ್ಮ ಅವ್ವ ಕೌದಿ ಹೊಲಿಯುತ್ತಿದ್ದಳು. ಹಳೆಯ ಸೀರೆಗಳನ್ನು ಪದರಪದರವಾಗಿ ಹಾಸಿ, ಅಂಚಿನಿಂದ ನಡುವಿನವರೆಗೆ ಸಾಲುಸಾಲಾಗಿ ದಾರ ಓಡಿಸುವ ಕೆಲಸ. ಕಡಲದಂಡೆಯ ಬಾಯ್ನಾದಲ್ಲಿದ್ದ ನಮ್ಮ ಮನೆಯನ್ನು ಸರ್ಕಾರದವರು ಕೆಡವಿದ ಮೇಲೆ ಗುಡ್ಡದ ಸಾಲುಮನೆಗೆ ಬಂದಾಗ ನಾವು ಹೊತ್ತು ತಂದದ್ದರಲ್ಲಿ ಪಾತ್ರೆಗಿಂತ ಬಟ್ಟೆಯ ಗಂಟುಗಳೇ ಹೆಚ್ಚು. ಮಡಗಾಂವಿನಲ್ಲಿ ಅಂಗಡಿ ಇಟ್ಟಿದ್ದ ಬೆಳಗಾವಿಯವರ ಮನೆಯಲ್ಲಿ ಕೂಸು ಹುಟ್ಟಿದರೆ ಮೊದಲ ಕೌದಿ ಅವ್ವನ ಕೈಯದೇ ಆಗಬೇಕಿತ್ತು. ಇದನ್ನು ಹೇಳುವಾಗ ಇವತ್ತಿಗೂ ನನ್ನ ದನಿ ತಾನಾಗಿಯೇ ದೊಡ್ಡದಾಗುತ್ತದೆ.

ವಯಸ್ಸು ನಲವತ್ತು ದಾಟಿದ ಮೇಲೆ ಅವಳಿಗೆ ಸೂಜಿಯ ಕಣ್ಣು ಕಾಣದಾಯಿತು. ನಾನು ವೆರ್ಣಾದ ಕಾರ್ಖಾನೆಯಲ್ಲಿದ್ದೆ. ಕಂಪನಿ ಬಸ್ಸು ಬರುವ ಮೊದಲು ಒಂದಿಷ್ಟು ಸೂಜಿಗಳಿಗೆ ದಾರ ಪೋಣಿಸಿ, ದಿಂಬಿಗೆ ಚುಚ್ಚಿಟ್ಟು ಓಡುತ್ತಿದ್ದೆ. ಕಾರ್ಖಾನೆಯಲ್ಲಿ ನಮ್ಮ ಕಣ್ಣು ಪರೀಕ್ಷಿಸಿ ಕನ್ನಡಕ, ಅವ್ವನ ಮಾತಲ್ಲಿ ಚಾಳೀಸು, ಕೊಡಿಸುತ್ತಿದ್ದರು. ಮನೆಯಲ್ಲಿ ಕೂತು ಹೊಲಿಯುವವಳ ಕಣ್ಣಿಗೆ ಯಾವ ಕಂಪನಿಯೂ ಇರಲಿಲ್ಲ.

ಆ ಮಳೆಗಾಲದಲ್ಲಿ ಮಡಗಾಂವಿನ ಆ ಅಂಗಡಿಯವರ ಮನೆಯ ಯಜಮಾನಿ ಅವ್ವ ಒಯ್ದ ಕೌದಿಯನ್ನು ತಿರುವಿ ನೋಡಿದರು. ಅವರಿಗೆ ಓದಲೊಂದು, ಟಿವಿಗೊಂದು, ಬಿಸಿಲಿಗೊಂದು ಕನ್ನಡಕವಿತ್ತು.

"ಏನವಾ, ಸಾಲು ಸೊಟ್ಟ ಬಿದ್ದಾವಲ್ಲ? ದೀಪಾವಳಿಗೆ ಸೊಸಿಗೆ ದಿನಾ ತುಂಬ್ತಾವು. ಈ ಸಲ ಪ್ಯಾಟ್ಯಾಗಿಂದ ರಗ್ಗು ತರ್ತೇವಿ ಬಿಡು."

"ಇದೊಂದು ನನಗ ಬಿಡ್ರಿ ಅಕ್ಕಾರ. ಇದೂ ಸೊಟ್ಟ ಬಿದ್ರ ಮತ್ತ ನಿಮ್ಮ ಬಾಗ್ಲಿಗೆ ಬರಾಂಗಿಲ್ಲ."

ಊರಲ್ಲಿ ಬಿಟ್ಟಿ ಕಣ್ಣಿನ ತಪಾಸಣೆ ನಡೆಯುತ್ತಿತ್ತು. ಒಮ್ಮೆ ಹೋಗಿ ಬಂದಿದ್ದ ಪಕ್ಕದ ಮನೆಯ ಕಾಕಿ ಅವ್ವನಿಗೆ ಗುರುವಾದಳು. "ಗ್ವಾಡಿ ಮ್ಯಾಲೆ ಹಣಗಿ ಬರದಿರ್ತಾರ. ಹಲ್ಲು ಎತ್ತಾಗ ಅದಾವು ಅಂತ ಕೈಲೆ ತೋರಸ್ಬೇಕು" ಎಂದು ಇದ್ದಿಲಿನಲ್ಲಿ ನಮ್ಮ ಗೋಡೆಯ ತುಂಬ ಇಂಗ್ಲಿಷಿನ E ಅಕ್ಷರದಂಥ ಬಾಚಣಿಗೆ ಬರೆದಳು. ಸಾಲುಮನೆಯ ಹೆಂಗಸರೆಲ್ಲ ಸಂಜೆಯಿಡೀ ಕೈ ಮೇಲೆ, ಕೈ ಕೆಳಗೆ ಮಾಡಿದ್ದೇ ಮಾಡಿದ್ದು. ಶಾಲೆಯ ಮೆಟ್ಟಿಲು ಹತ್ತದವರಿಗೆ ಅದು ಬದುಕಿನ ಮೊದಲ ಪರೀಕ್ಷೆ. ಪಾಸಾದವರಿಗೆ ಚಾಳೀಸು ಬಹುಮಾನ ಎಂದೇ ತಿಳಿದಿದ್ದರು!

ಮರುದಿನ ನಾನು ಪಾಳಿ ಮುಗಿಸಿ ಬಂದಾಗ, ತಪಾಸಣೆಗೆ ಹೋಗಿ ಬಂದಿದ್ದ ಅವ್ವ ಎಲ್ಲರಿಗೂ ಸಕ್ಕರೆ ಹಂಚುತ್ತಿದ್ದಳು.

"ಕಡೀ ಸಾಲೂ ಬಿಡ್ಲಿಲ್ಲ, ಎಲ್ಲಾ ಬರೋಬ್ಬರಿ ಹೇಳಿದೆ!"

"ಚಾಳೀಸೆಲ್ಲಿ ಅವ್ವಾ?"

ಅವಳ ಮುಖ ಇಳಿಯಿತು. "ಅದಽ ತಿಳೀವಲ್ದು. ನಪಾಸಾದ ಮುದುಕಿಗೆ ಕೊಟ್ರು. ನನಗ, ನಿನ್ನ ಕಣ್ಣು ಚಲೋ ಅದಾವು, ನಡಿ ಅಂದ್ರು."

ಹೊಸ್ತಿಲಲ್ಲಿದ್ದ ಕಾಕಿ ಹಣೆ ಬಡಿದುಕೊಂಡಳು. "ಯವ್ವಾ, ನಾ ಭಾಳ ಚಲೋ ಕಲಿಸಿಬಿಟ್ನಿ!"

ನಕ್ಕು ನಕ್ಕು ಸಾಕಾದ ಮೇಲೆ ನಾನು ಬಿಡಿಸಿ ಹೇಳಿದೆ. ಅವ್ವನಿಗೆ ದೂರದ್ದು ಮೊದಲಿನಿಂದಲೂ ಚೆನ್ನಾಗಿ ಕಾಣುತ್ತಿತ್ತು, ಕಾಣದಿದ್ದುದು ಕೈಯಳತೆಯಲ್ಲಿರುವುದು. ಗೋಡೆ ತೋರಿಸಿದವರು ಅವಳ ಮಡಿಲಲ್ಲಿ ಏನಿದೆ ಎಂದು ಕೇಳಿರಲಿಲ್ಲ.

ಮುಂದಿನ ತಪಾಸಣೆಗೆ ನಾನೂ ಹೋದೆ. ಬೇಡವೆಂದರೂ ಕೇಳದೆ ಅವ್ವ ಅರ್ಧ ಹೊಲಿದ ಕೌದಿಯನ್ನು ತಲೆಯ ಮೇಲೆ ಹೊತ್ತೇ ಬಂದಳು. ಪರೀಕ್ಷಿಸುವ ಹುಡುಗಿ ಕೊಂಕಣಿಯಲ್ಲಿ ಏನೋ ಹೇಳಿ ಗೋಡೆಯತ್ತ ಕೋಲು ಚಾಚಿದಳು. ಅವ್ವ ಅತ್ತ ನೋಡಲೇ ಇಲ್ಲ. ಮೇಜಿನ ಮೇಲೆ ಕೌದಿ ಹರವಿದಳು.

"ಗ್ವಾಡಿ ಕಾಣ್ತೈತಿ ಬಾಯಾರ. ಗ್ವಾಡಿ ಮ್ಯಾಲೆ ನಾ ಹೊಲ್ಯಾಂಗಿಲ್ಲ. ಇದನ್ನ ಕಾಣಸ್ರಿ."

ನಾನು ಅದನ್ನೇ ಕೊಂಕಣಿಯಲ್ಲಿ ಹೇಳಿದೆ. ಹುಡುಗಿ ಕೋಲು ಕೆಳಗಿಟ್ಟು ಕೌದಿಯ ಮೇಲೆ ಕೈಯಾಡಿಸಿದಳು. ಆಮೇಲೆ ಅವ್ವನ ಕೈಗೆ ಸೂಜಿದಾರ ಕೊಟ್ಟು, ಒಂದಾದ ಮೇಲೊಂದು ಗಾಜು ಬದಲಿಸುತ್ತ ಹೋದಳು. ಅವ್ವ ತುದಿಯನ್ನು ನಾಲಿಗೆಗೆ ತಾಗಿಸಿ ಪೋಣಿಸಿದಳು. ದಾರ ಹೋಯಿತು! ಸೂಜಿಯನ್ನು ಮೇಲೆತ್ತಿ ಹಿಂದಿನ ಸಾಲಿನವರಿಗೆ ಕೂಗಿದಳು: "ಹೊಲ್ಯಾವ್ರು ಯಾರದೀರಿ? ಸೂಜಿ ತಗೊಂಡಽ ಬರ್ರಿ!"

ಮನೆಗೆ ಬಂದು ಚಾಳೀಸು ಏರಿಸಿ, ಕೌದಿಯನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಮುಂದಿನ ಸಾಲು ಹಿಡಿಯುತ್ತಾಳೆಂದುಕೊಂಡೆ. ಅವಳು ಕತ್ತರಿ ತೆಗೆದುಕೊಂಡು ಹೊಲಿದದ್ದನ್ನೆಲ್ಲ ಬಿಚ್ಚತೊಡಗಿದಳು.

"ಇದನ್ನ ನಾ ಹೊಲ್ದಿದ್ದೆ ಅಂತ ಯಾರ ಮುಂದೂ ಹೇಳಬ್ಯಾಡ."

ದೀಪಾವಳಿಗೆ ಹೊಸದಾಗಿ ಹೊಲಿದ ಕೌದಿ ಮಡಗಾಂವಿಗೆ ಹೋಯಿತು. ಯಜಮಾನಿ ಸಾಲುಗಳ ಮೇಲೆ ಬೆರಳೆಳೆದು ನೋಡಿದರು. ಒಳಗೆ ಹೋಗಿ, ಮುಂದಿನ ಕೌದಿಗೆಂದು ತಮ್ಮ ಮಗಳ ಹಳೆಯ ಸೀರೆಗಳ ಗಂಟು ತಂದು ಅವ್ವನ ಮುಂದಿಟ್ಟರು.

ಮರಳುವಾಗ ಬಸ್ಸಿನಲ್ಲೂ ಅವಳು ಚಾಳೀಸು ತೆಗೆಯಲಿಲ್ಲ. ಕಿಟಕಿಯಾಚೆಯದೆಲ್ಲ ಮಂಜು ಮಂಜು ಎಂದಳು.

"ಮತ್ತ ತಗಿಯವ್ವಾ."

"ಸುಮ್ಕಿರು, ಮಂದಿ ನೋಡ್ಲಿ."