ಡಬ್ಬಿಯ ತಳದ ಕಲ್ಲು

ನನ್ನ ಸೋದರಮಾವನನ್ನು ಆ ಬೀದಿಯವರೆಲ್ಲ ಗಾಳಿಮಾವ ಎಂದೇ ಕರೆಯುತ್ತಿದ್ದರು. ಬೀದಿಯ ತುದಿಯ ದೊಡ್ಡ ಕಟ್ಟಡಕ್ಕೆ ಅವನು ಕಾವಲುಗಾರ. ಸಂಬಳ ಹೆಸರಿಗಷ್ಟೇ, ನಿಜವಾಗಿ ಸಿಕ್ಕಿದ್ದು ಮೆಟ್ಟಿಲ ಕೆಳಗಿನ ಕೋಣೆ. ಆ ಇಳಿಜಾರು ಚಾವಣಿಯ ಕೆಳಗೆ ಮಾವ, ಅತ್ತೆ ತಲೆ ಬಗ್ಗಿಸಿಕೊಂಡೇ ಮುದುಕರಾದರು. ಬೇರೆ ಸೂರು ಅವರಿಗಿರಲಿಲ್ಲ.

ಬೀಸುವ ಗಾಳಿಯೆಲ್ಲ ಮೊದಲು ಅಲ್ಲಿಗೇ ಬರುತ್ತಿತ್ತು. ಹೊರಗಿಟ್ಟ ಕಸದ ಡಬ್ಬಿಗಳು ಉರುಳಿ ಬೀದಿಯೆಲ್ಲ ಹೊಲಸು. ಮುಚ್ಚಳಕ್ಕೆ ಸೈಕಲ್ ಟ್ಯೂಬ್ ಬಿಗಿದರೆ ಕಸದ ಲಾರಿಯವರು ಗಂಟು ಬಿಚ್ಚುವ ಪೈಕಿಯಲ್ಲ, ಡಬ್ಬಿ ಮುಟ್ಟದೆ ಹೋಗುತ್ತಿದ್ದರು. ಗೋಡೆಗೆ ಒಂದು ಸರಪಳಿ ಹಾಕಿಸಿ ಎಂದು ಮಾವ ಮ್ಯಾನೇಜರನ ಮುಂದೆ ಹಲ್ಲು ಗಿಂಜಿದ.

"ಈಗಷ್ಟೇ ಪೇಂಟ್ ಹೊಡ್ಸಿದೀವಿ, ಗೋಡೆ ತೂತು ಮಾಡ್ತೀಯಾ?" ಎಂದ ಆ ಮಹಾರಾಯ. "ಇನ್ನೊಂದ್ಸಲ ಕಸ ಬೀದಿಗೆ ಬಿತ್ತೋ, ಕೋಣೆ ಖಾಲಿ ಮಾಡು."

ಅವನ ಬಾಯಿಗೆ ಮಣ್ಣು ಬೀಳಲಿ.

ಆಮೇಲೆ ಮಾವ ಖಾಲಿ ಡಬ್ಬಿಗಳ ತಳಕ್ಕೆ ಒಂದೊಂದು ದಪ್ಪ ಕಲ್ಲು ಇಡತೊಡಗಿದ. ಕಸ ಅದರ ಮೇಲೆ ಬೀಳುತ್ತಿತ್ತು. ಎಂಥ ಗಾಳಿಗೂ ಡಬ್ಬಿ ಅಲ್ಲಾಡಲಿಲ್ಲ. ಆದರೆ ಲಾರಿ ಬರುವ ಮುಂಚೆ ಕಲ್ಲು ತೆಗೆಯಬೇಕಲ್ಲ? ಮಾವನ ಸೊಂಟ ಬಗ್ಗುತ್ತಿರಲಿಲ್ಲ. ಹಾಗಾಗಿ ಬೆಳಕು ಹರಿಯುವ ಹೊತ್ತಿಗೆ ಅತ್ತೆಯೇ ಹೋಗಿ, ಭುಜದವರೆಗೂ ಕೈ ಇಳಿಸಿ, ಕಲ್ಲು ಎತ್ತುತ್ತಿದ್ದಳು.

"ಕೈ ಹಿಡಿದೋರು ನೀವು. ಈ ಕೈ ಚೆನ್ನಾಗಿ ಗೊತ್ತಿರೋದು ಮಾತ್ರ ಈ ಡಬ್ಬಿಗೆ," ಎಂದು ರೇಗಿಸುತ್ತಿದ್ದಳು.

ಒಂದು ಮುಂಜಾನೆ ಅವಳಿಗೆ ಜ್ವರ. ಹೊರಗೆ ಗಾಳಿ ಬೊಬ್ಬಿಡುತ್ತಿತ್ತು.

"ಕಲ್ಲು ತೆಗೆದ್ರಾ?"

"ತೆಗ್ದೆ, ನೀನು ಮಲ್ಕೋ."

ತೆಗೆದಿರಲಿಲ್ಲ. ಇಲ್ಲವೆಂದರೆ ಜ್ವರದಲ್ಲೇ ಎದ್ದು ಹೊರಡುತ್ತಾಳೆಂದು ಹಾಗೆಂದ. ಅವಳಿಗೆ ನೀರು ಬಿಸಿಮಾಡಿಕೊಟ್ಟು ಹೋದರಾಯಿತು ಎಂದುಕೊಂಡ. ಆದರೆ ಅಂದು ಗಾಳಿ ಇನ್ನೂ ಜೋರಾದೀತೆಂದು ಹೆದರಿ ಲಾರಿಯವರು ಬೇಗ ಬಂದುಬಿಟ್ಟಿದ್ದರು. ಕಲ್ಲುಗಳೆಲ್ಲ ಕಸದ ಜೊತೆ ಲಾರಿಯೊಳಗೆ ಹೋಗಿ, ಅದರ ಕಸ ಅದುಮುವ ಯಂತ್ರ ಮುರಿದು, ಹಿಂದಿನ ಬಾಗಿಲು ಕಿತ್ತು ಬಂತು. ಬೀದಿಯ ಮರಗಳ ಮೇಲೂ ಕಸ ಹಾರಿ ಕೂತಿತು. ಮ್ಯಾನೇಜರ್ ಬಂದು ಕೋಣೆಯ ಬೀಗದ ಕೈಗಾಗಿ ಕೈ ಚಾಚಿದ.

ಈಗ ಇಬ್ಬರೂ ನನ್ನ ಮನೆಯ ಮುಂದಿನ ಕೋಣೆಯಲ್ಲಿ, ಪರದೆಯ ಆಚೆ ಇದ್ದಾರೆ. ನನ್ನ ಗಂಡ ಏನೂ ಅನ್ನುವುದಿಲ್ಲ, ಆದರೆ ಊಟಕ್ಕೆ ಕೂತಾಗ ಮಾವ ಎರಡನೇ ಸಲ ಬಡಿಸಲು ಬಿಡುವುದಿಲ್ಲ. ಬಗ್ಗದ ಸೊಂಟದ ಕಾವಲುಗಾರ ಯಾರಿಗೆ ಬೇಕು? ಆ ಗೋಡೆಗೆ ಈಗ ಸರಪಳಿ ಬಂದಿದೆಯಂತೆ. ಕೇಳಿ ನನಗೆ ಮೈ ಉರಿಯಿತು, ಮಾವ ಮಾತ್ರ "ಒಳ್ಳೇದಾಯ್ತು ಬಿಡು" ಎಂದ.

ಅತ್ತೆಯ ಜ್ವರ ಇಳಿಯಿತು, ಬುದ್ಧಿ ಮಾತ್ರ ಮೊದಲಿನಂತಾಗಲಿಲ್ಲ. ಕೆಲವೊಮ್ಮೆ "ನಾನು ಎದ್ದಿದ್ರೆ ಕೋಣೆ ಉಳೀತಿತ್ತು" ಎಂದು ಅಳುತ್ತಾಳೆ. ಅವಳಿಗೆ ಸುಳ್ಳು ಹೇಳಿದ್ದನ್ನು ಮಾವ ನನಗೆ ಹೇಳಿದ್ದಾನೆ, ಅವಳಿಗೆ ಹೇಳಲಾರ.

ನಿನ್ನೆ ಬೆಳಿಗ್ಗೆ ಗಾಳಿಯೆದ್ದಿತು. ಪರದೆಯ ಆಚೆಯಿಂದ ಅವಳ ದನಿ: "ಕಲ್ಲು ತೆಗೆದ್ರಾ?"

ಮಾವ ಎದ್ದು ಹೊರಗೆ ಹೋದ. ನನ್ನ ಮನೆಯ ಡಬ್ಬಿಯಲ್ಲಿ ಯಾವ ಕಲ್ಲೂ ಇಲ್ಲವೆಂದು ಅವನಿಗೆ ಗೊತ್ತು. ಆದರೂ ಗೋಡೆ ಹಿಡಿದು, ನರಳುತ್ತ, ಆ ಬಗ್ಗದ ಸೊಂಟವನ್ನು ಬಗ್ಗಿಸಿ, ತಳದವರೆಗೂ ಕೈ ಹಾಕಿ ಹುಡುಕಿದ.

ಒಳಗೆ ಬಂದು ಕೊಳೆಯಾದ ಕೈಯನ್ನು ಅವಳಿಗೆ ತೋರಿಸಿ, "ತೆಗ್ದೆ," ಎಂದ.