ಹುಲಿಕೆರೆಯ ತೋಟದಲ್ಲಿ ಓಗೊಟ್ಟವರು

ದೆವ್ವ ಕಂಡೆ, ಪೀಡೆ ಕಂಡೆ ಎಂದು ಹೇಳಿಕೊಂಡು ಬಂದವರನ್ನು ನಾನು ಚೆನ್ನಾಗಿ ಗೋಳುಹೊಯ್ದುಕೊಂಡಿದ್ದೇನೆ. "ರಾತ್ರಿ ಊಟಕ್ಕೆ ಏನಿತ್ತು?" ಎಂಬುದೇ ನನ್ನ ಮೊದಲ ಪ್ರಶ್ನೆಯಾಗಿರುತ್ತಿತ್ತು. ಈಗ ಹಾಗೆ ಕೇಳುವುದನ್ನು ಬಿಟ್ಟಿದ್ದೇನೆ. ನಂಬಿಕೆ ಬಂದಿದೆ ಎಂದಲ್ಲ. ನಮ್ಮ ಮನೆಯಲ್ಲೇ ನಡೆದ ಒಂದು ಸಂಗತಿಗೆ ನನ್ನಲ್ಲಿ ಉತ್ತರವಿಲ್ಲ, ಅಷ್ಟೆ.

ನಮ್ಮದು ಅರಸೀಕೆರೆಯಲ್ಲಿ ಕೊಬ್ಬರಿ ವ್ಯಾಪಾರದ ಮನೆ. ಆಗ ಯುದ್ಧದ ಕಾಲ. ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲಿನ ಗ್ಯಾಸಿನ ಮೇಲೆ ಕೆಮ್ಮುತ್ತಾ ಓಡುತ್ತಿದ್ದವು. ನಮ್ಮಣ್ಣ ಗುರುಬಸಪ್ಪ ಹುಲಿಕೆರೆಯ ಬಳಿ ಒಂದು ತೆಂಗಿನ ತೋಟ ಕೊಂಡ. ಮರಗಳು ಹೊಸವಾದರೂ ನೆಲ ಬಹಳ ಹಳೆಯದು. ಹೊಯ್ಸಳರ ಕಾಲದಲ್ಲಿ ಒಬ್ಬ ಹೆಗ್ಗಡಿತಿ ಅದನ್ನು ಬಸ್ತಿಹಳ್ಳಿಯ ಬಸದಿಗೆ ಬಿಟ್ಟಿದ್ದಳಂತೆ. ಮುಂದೆ ಪಾಳೆಯಗಾರರ ಕಡೆಯ ನಾಯಕನೊಬ್ಬ ಕಿತ್ತುಕೊಂಡ. ನವಾಬರ ಕಾಲಕ್ಕೆ ಒಬ್ಬ ಸವಾರನಿಗೆ ಇನಾಮಾಗಿ ಹೋಯಿತು. ಅವನ ಮಕ್ಕಳಿಂದ ಒಬ್ಬ ಬಿಳಿಯ ಕಾಫಿ ದೊರೆಗೆ, ದೊರೆಯಿಂದ ಶಾನುಭೋಗರಿಗೆ. ಅವರೂ ತೀರಿಕೊಂಡ ಮೇಲೆ ಮನೆಯವರು ಅಣ್ಣನಿಗೆ ಮಾರಿದರು.

ಆ ತೋಟದ್ದೇ ಒಂದು ಪದ್ಧತಿ ಇತ್ತು. ಹೊಸ ಯಜಮಾನ ಕಾಲಿಡುವ ಮುಂಚೆ ಕಾವಲಿನವರು ಬೇಲಿಯ ಹೊರಗೆ ನಿಂತು ಹಿಂದಿನ ಒಡೆಯರನ್ನೆಲ್ಲ ಒಬ್ಬೊಬ್ಬರಾಗಿ ಕೂಗಿ, ತೋಟ ಬಿಟ್ಟುಕೊಡಿ ಎಂದು ಕೇಳಿಕೊಳ್ಳಬೇಕು. ಕೊನೆಗೆ ಹೊಸಬನ ಹೆಸರು ಕೂಗಬೇಕು. ಸತ್ತವರು ಸುಮ್ಮನಿರುತ್ತಾರೆ, ಬದುಕಿರುವವನು "ಓ" ಎನ್ನುತ್ತಾನೆ. ಅಲ್ಲಿಗೆ ತೋಟ ಅವನದು.

ಮಟಮಟ ಮಧ್ಯಾಹ್ನ. ಅವ್ವ, ಅಣ್ಣ, ನಾನು ಬೇಲಿಯ ಹತ್ತಿರ ನಿಂತಿದ್ದೆವು. ಕಾವಲಿನ ಈರಮ್ಮ ಸೆರಗು ಬಿಗಿದುಕೊಂಡು ಶುರುಮಾಡಿದಳು.

"ಹೆಗ್ಗಡಿತಮ್ಮೋ, ನಿನ್ ಕಾಲ ಆಯ್ತು, ಬಿಟ್ಕೊಡವ್ವ."

ನಾಯಕನಾಯಿತು, ಸವಾರನಾಯಿತು. ಕಾಫಿ ದೊರೆಯ ಸರದಿ ಬಂದಾಗ ನಾನು, "ಅವನಿಗೆ ಕನ್ನಡ ತಿಳಿಯುತ್ತೇನಣ್ಣ?" ಎಂದು ಪಿಸುಗುಟ್ಟಿದೆ. ಅಣ್ಣ ನಗು ತಡೆದುಕೊಂಡ. ಶಾನುಭೋಗರನ್ನು ಕೂಗಿಯಾಯಿತು. ಗಾಳಿ ಇರಲಿಲ್ಲ, ಒಂದು ಗರಿಯೂ ಅಲುಗುತ್ತಿರಲಿಲ್ಲ.

"ಗುರುಬಸಪ್ಪೋ" ಎಂದಳು ಈರಮ್ಮ.

"ಓ" ಎಂದು ಉತ್ತರ ಬಂತು. ಬಂದದ್ದು ತೋಟದ ಒಳಗಿಂದ. ದನಿ ಅಣ್ಣನದೇ. ನನ್ನ ಪಕ್ಕದಲ್ಲಿ ನಿಂತಿದ್ದ ಅಣ್ಣ ಇನ್ನೂ ಬಾಯಿ ತೆರೆದಿರಲಿಲ್ಲ.

ಪ್ರತಿಧ್ವನಿ ಎನ್ನಬೇಡಿ. ಈರಮ್ಮ ಕೂಗಿದ್ದು ಹೆಸರನ್ನು, ಅದೂ ಹೆಣ್ಣು ದನಿಯಲ್ಲಿ.

"ಇಂಗೆ ಯಾವತ್ತೂ ಆಗಿಲ್ಲ ಕಣ್ರವ್ವ. ನಂಗೊಂದೂ ಗೊತ್ತಾಯ್ತಿಲ್ಲ" ಎಂದು ಈರಮ್ಮ ನೆಲದ ಮೇಲೆ ಕೂತುಬಿಟ್ಟಳು. ಅವ್ವ ಅಣ್ಣನ ಅಂಗಿ ಹಿಡಿದುಕೊಂಡಳು. "ಗುರು, ಒಳಗೆ ಹೋಗ್ಬ್ಯಾಡ ಕಣಪ್ಪ. ತೋಟ ಹಾಳಾಗಿ ಹೋಗ್ಲಿ."

"ಯಾವನೋ ಆಟ ಆಡ್ತಾವ್ನೆ. ಹಿಡ್ಕೊಂಡು ಬತ್ತೀನಿ ಇರವ್ವ" ಎಂದು ಅಣ್ಣ ಕೈ ಬಿಡಿಸಿಕೊಂಡು ನಡೆದ. ಬಿಳಿ ಅಂಗಿ ಮರಗಳ ನಡುವೆ ಸ್ವಲ್ಪ ಹೊತ್ತು ಕಂಡು ಮರೆಯಾಯಿತು. ಒಣಗರಿ ತುಳಿಯುವ ಸದ್ದೂ ನಿಂತಿತು. ಅಣ್ಣ ಎಂದು ಕೂಗೋಣವೆಂದುಕೊಂಡೆ. ಎರಡು ಕಡೆಯಿಂದ "ಓ" ಎಂದುಬಿಟ್ಟರೆ ಏನು ಮಾಡುವುದೆಂದು ಹೆದರಿ ಸುಮ್ಮನಾದೆ.

ಅವನು ಬಂದ. "ಯಾರೂ ಇಲ್ಲ ಕಣವ್ವ" ಎಂದ. ಅವ್ವ ಅವನ ಮುಖವನ್ನೇ ನೋಡಿದಳು. ಆಮೇಲೆ ಅವನ ಬೆನ್ನ ಹಿಂದೆ, ತೋಟದ ಕಡೆ ನೋಡುತ್ತಾ ನಿಂತಳು. ಅವಳನ್ನು ಬಲವಂತವಾಗಿ ಬಸ್ಸಿಗೆ ಕರೆದುಕೊಂಡು ಬರಬೇಕಾಯಿತು.

ನಿಜ ಹೇಳುತ್ತೇನೆ, ಅಣ್ಣನಲ್ಲಿ ನಾನು ವ್ಯತ್ಯಾಸ ಹುಡುಕಿದ್ದೇನೆ. ಏನೂ ಸಿಗಲಿಲ್ಲ. ಮುಂಗೈಯ ಸುಟ್ಟ ಕಲೆ ಅಲ್ಲೇ ಇತ್ತು. ಹಾಗಲಕಾಯಿ ಕಂಡರೆ ಮೊದಲಿನಂತೆಯೇ ಮುಖ ಸಿಂಡರಿಸುತ್ತಿದ್ದ. ಆದರೆ ಅವ್ವ ಅಂದಿನಿಂದ ಒಂದು ರೊಟ್ಟಿ ಹೆಚ್ಚಿಗೆ ತಟ್ಟಿ ಮುಚ್ಚಿಡತೊಡಗಿದಳು. ಯಾರಿಗೆ ಎಂದರೆ, "ಗುರು ಬತ್ತಾನೆ" ಎನ್ನುತ್ತಿದ್ದಳು. ಗುರು ಎದುರಿಗೇ ಉಣ್ಣುತ್ತಿದ್ದ.

ಒಂದು ದಿನ ಅವನು ತಡೆಯಲಾರದೆ, "ಅವ್ವ, ನಾನೇ ಅಲ್ವೇನವ್ವ ಗುರು?" ಎಂದ. ಅವನ ಕಣ್ಣಲ್ಲಿ ನೀರಿತ್ತು. ಅವ್ವ ಪ್ರೀತಿಯಿಂದಲೇ ಅವನ ತಲೆ ಸವರಿ, "ನೀನೂ ಉಣ್ಣಪ್ಪ" ಎಂದಳು. ಆ "ನೀನೂ" ಕೇಳಿ ನಾನು ತಟ್ಟೆ ಬಿಟ್ಟು ಎದ್ದೆ. ಅವಳು ಸಾಯುವವರೆಗೂ ಹಾಗೆಯೇ ಇದ್ದಳು.

ಅವ್ವ ಹೋದ ಮೇಲೆ ಅಣ್ಣ ತೋಟ ಮಾರಿದ. ಕೊನೆಯ ಸಲ ಇಬ್ಬರೂ ಹೋಗಿದ್ದೆವು. ಬೇಲಿಯ ಹತ್ತಿರ ಅವನು ನಿಂತುಬಿಟ್ಟ. ನನ್ನ ಮುಖ ನೋಡದೆ, "ನನ್ನ ಹೆಸರು ಹಿಡಿದು ಒಂದು ಸಲ ಕೂಗ್ತೀಯೇನೋ?" ಎಂದು ಕೇಳಿದ.

ನಾನು ಕೂಗಲಿಲ್ಲ. ಅವನೂ ಮತ್ತೆ ಕೇಳಲಿಲ್ಲ.