ಉರಿಬಿಸಿಲಲ್ಲಿ ಹೀಟರ್ ಹಾಕಿದವಳು

ಕಳೆದ ಭಾನುವಾರ ಮಟಮಟ ಮಧ್ಯಾಹ್ನ, ನೆತ್ತಿ ಸುಡುವ ಬಿಸಿಲಿನಲ್ಲಿ, ನನ್ನ ಓರಗಿತ್ತಿ ರೂಪಾ ಕಾರಿನ ಹೀಟರ್ ಆನ್ ಮಾಡಿದಳು. ಅದೂ ಫುಲ್!

ಚಳಿ ಇತ್ತಾ ಅಂತ ಕೇಳಬೇಡಿ. ಶಿವರಾತ್ರಿ ಕಳೆದು, ಚಳಿ ಶಿವಶಿವಾ ಅಂತ ಹೊರಟುಹೋಗಿ ಎಷ್ಟೋ ದಿನವಾಯಿತು. ತಲೆಗೆ ಹೆಲ್ಮೆಟ್, ಮೈಗೆ ಕಂಬಳಿಯಂಥ ರೇಸಿಂಗ್ ಡ್ರೆಸ್, ಸುತ್ತ ಧೂಳು. ಮುಂದೆ ಒಂದು ಕಾರು, ಹಿಂದೆ ನಾಲ್ಕು. ಇಂಥ ಹೊತ್ತಿನಲ್ಲಿ ಹೀಟರ್ ಹಾಕುವವಳಿಗೆ ತಲೆ ಕೆಟ್ಟಿರಬೇಕು ತಾನೇ? ಇಲ್ಲ. ಆವತ್ತು ನಮ್ಮ ಮನೆಯವರ ಪೈಕಿ ತಲೆ ನೆಟ್ಟಗಿದ್ದದ್ದು ಅವಳೊಬ್ಬಳದೇ.

ಮೊದಲಿನಿಂದ ಹೇಳುತ್ತೇನೆ. ರೂಪಾ ನನ್ನ ಮೈದುನ ರವಿಯ ಹೆಂಡತಿ. ಹೊಳೆನರಸೀಪುರದಲ್ಲಿ, ಅರಕಲಗೂಡು ರಸ್ತೆಯಲ್ಲಿ ರವಿಯದೊಂದು ಗ್ಯಾರೇಜ್. ಹಿಂದುಗಡೆಯೇ ಮನೆ. ಅತ್ತೆ, ಮಾವ ಇಬ್ಬರೂ ಅವರ ಜೊತೆಗಿದ್ದಾರೆ. ನಾನು, ನನ್ನ ಗಂಡ ಹಾಸನದಲ್ಲಿ. (ಅಂದರೆ ಕೆಲಸ ಅವಳಿಗೆ, ಅಂಕಣ ನನಗೆ.)

ಕಾರು ಮಾವನದು. ಒಂದು ಕಾಲಕ್ಕೆ ಬೀದಿಗೊಂದು ಇರುತ್ತಿತ್ತಲ್ಲ, ಆ ಪುಟ್ಟ ಬಿಳಿ ಕಾರು. ನಮ್ಮ ಕಡೆ ಅರ್ಧಕ್ಕರ್ಧ ಮದುವೆಗಳಲ್ಲಿ ಗಂಡು ಹೆಣ್ಣು ಕೂತು ಬಂದದ್ದು ಅದರಲ್ಲೇ. ಮಾವನಿಗೆ ಕಣ್ಣು ಮಂಜಾದ ಮೇಲೆ ಅದು ಗ್ಯಾರೇಜಿನ ಮೂಲೆ ಸೇರಿತು. ರವಿಗೆ ರೇಸಿನ ಹುಚ್ಚು. ಹಿಂದಿನ ಸೀಟು, ಮುಂದಿನ ಎಡಗಡೆ ಸೀಟು, ಕಾರ್ಪೆಟ್ಟು, ಎಲ್ಲ ಕಿತ್ತು ಬಿಸಾಡಿದ. ಕಾರು ಮಗುಚಿದರೆ ತಲೆ ಉಳಿಯಲಿ ಅಂತ ಒಳಗೊಂದು ಕಬ್ಬಿಣದ ಪಂಜರ ಬೆಸುಗೆ ಹಾಕಿಸಿದ. ಆಮೇಲೆ ಹತ್ತಲು ಹೋದರೆ ರವಿ ಒಳಗೆ ಹೋದ, ಹೊಟ್ಟೆ ಹೋಗಲಿಲ್ಲ.

"ಸರೀರಿ, ಪಕ್ಕಕ್ಕೆ" ಎಂದು ರೂಪಾ ಹತ್ತಿ ಕೂತಳು. ಟ್ರಾಕ್ಟರಿಗೆ ಟ್ರೇಲರ್ ಕಟ್ಟಿಕೊಂಡು ರಿವರ್ಸ್ ಹೊಡೆಯುವ ಹೆಂಗಸು ಅವಳು. ನಾನು ನಮ್ಮ ಮನೆ ಗೇಟಿನಿಂದ ಕಾರು ಹೊರಗೆ ತೆಗೆಯಲು ಇವತ್ತಿಗೂ ಗಂಡನನ್ನು ಕೂಗುತ್ತೇನೆ.

ಎರಡು ರೇಸಿಗೆ ಹೋದಳು. ಎರಡರಲ್ಲೂ ಕೊನೆಯ ಸ್ಥಾನ. ತಿರುವಿನಲ್ಲಿ ಇಬ್ಬರು ಮೂವರನ್ನು ಹಿಂದೆ ಹಾಕುತ್ತಾಳೆ, ನೇರ ದಾರಿ ಬಂದ ತಕ್ಷಣ ಅಷ್ಟೂ ಜನ ಭರ್ರನೆ ದಾಟಿ ಹೋಗುತ್ತಾರೆ. ವಯಸ್ಸಾದ ಇಂಜಿನ್ ಪಾಪ, ಉಸ್ಸಪ್ಪಾ ಅನ್ನುತ್ತದೆ.

ಮಾವನಿಗೆ ರೇಗಿಹೋಯಿತು. "ನನ್ ಕಾರ್ನ ಊರೋರ ಮುಂದೆ ನಗೆಪಾಟ್ಲು ಮಾಡಿದ್ರಿ. ಇನ್ನೊಂದ್ಸಲ ಓಗಿ, ಬ್ಯಾಡ ಅನ್ನಲ್ಲ. ಮೊದಲ್ನೇದಾಗಿ ಬರ್ನಿಲ್ಲವಾ, ಕಾರು ಗುಜ್ರಿಗೆ. ರೇಸು ಗೀಸು ಎಲ್ಲಾ ಅಲ್ಲಿಗೆ ಬಂದ್ ಕಣವ್ವ" ಎಂದು ಸೊಸೆಗೆ ಹೇಳಿಬಿಟ್ಟರು. ಮಾವ ಒಂದು ಮಾತು ಆಡಿದರೆ ಮುಗಿಯಿತು. ಅವರೇ ವಾಪಸ್ ತಗೋಬೇಕು ಅಂದರೂ ಅವರ ಕೈಲಾಗುವುದಿಲ್ಲ.

ರೂಪಾ ಅತ್ತಳಾ? ಇಲ್ಲ. ರವಿಗೆ ಹೇಳಿದಳು, "ಇಂಜಿನ್ ಬದಲಾಯ್ಸಿ."

ಚನ್ನರಾಯಪಟ್ಟಣದ ಗುಜರಿಯೊಂದರಲ್ಲಿ ಅಪಘಾತವಾದ ಕಾರೊಂದು ನಿಂತಿತ್ತು. ಹೊಸ ಮಾಡೆಲ್. ಹಿಂಭಾಗ ಅಪ್ಪಚ್ಚಿ, ಮುಂಭಾಗಕ್ಕೆ ಗೀರೂ ಬಿದ್ದಿರಲಿಲ್ಲ. ಅದರ ಇಂಜಿನ್, ಗೇರ್ ಬಾಕ್ಸು, ವೈರಿಂಗು ಎಲ್ಲ ಬಿಚ್ಚಿಕೊಂಡು ಟೆಂಪೋದಲ್ಲಿ ತಂದರು. (ಸಾರಿಗೆ ಇಲಾಖೆಯ ಸ್ನೇಹಿತರು ಗಾಬರಿಯಾಗಬೇಡಿ. ನಮ್ಮ ಕಾರು ರಸ್ತೆಗೆ ಇಳಿಯುವುದಿಲ್ಲ. ರೇಸಿಗೂ ಅದೇ ಟೆಂಪೋ ಮೇಲೆ ಕೂತೇ ಹೋಗುತ್ತದೆ.)

ಹೊಸ ಇಂಜಿನ್ ದಪ್ಪ, ಹಳೇ ಕಾರಿನ ಬಾನೆಟ್ಟು ಸಣ್ಣದು. ತೊಟ್ಟಿಲಲ್ಲಿ ಮದುಮಗನನ್ನು ಮಲಗಿಸಿದ ಹಾಗೆ! ಇಂಜಿನ್ ಕೂರುವ ಮೌಂಟುಗಳನ್ನು ಕತ್ತರಿಸಿ ಹೊಸದಾಗಿ ಮಾಡಿದರು. ಈ ಇಂಜಿನ್ನಿಗೆ ಕಾವು ಜಾಸ್ತಿ, ಹಾಗಾಗಿ ಮುಂದುಗಡೆಯ ಜಾಲರಿ ಕೊಯ್ದು ದೊಡ್ಡ ರೇಡಿಯೇಟರ್ ಕೂರಿಸಿದರು. ಎದುರಿನ ಗಾಳಿ ಅದಕ್ಕೆ ನೇರ ಬಡಿಯಬೇಕು, ಬಡಿದರೆ ಮಾತ್ರ ನೀರು ತಣ್ಣಗಿರುತ್ತದೆ. ಈ ಮಾತನ್ನು ರವಿ ಊಟಕ್ಕೆ ಕೂತಾಗಲೆಲ್ಲ ಹೇಳಿ ಹೇಳಿ, ಅತ್ತೆಗೂ ಬಾಯಿಪಾಠವಾಗಿರಬೇಕು ಅಂದುಕೊಂಡಿದ್ದೆವು.

ಎಲ್ಲ ಜೋಡಿಸಿ ಸೆಲ್ಫ್ ಹೊಡೆದರೆ ಇಂಜಿನ್ ತಿರುಗಿತು, ಹತ್ತಲಿಲ್ಲ. ಮತ್ತೆ ಹೊಡೆದರು, ಊಹೂಂ. ಆಮೇಲೆ ತಿಳಿಯಿತು. ಹೊಸ ಇಂಜಿನ್ನುಗಳ ಕಂಪ್ಯೂಟರ್ ತನ್ನ ಕಾರಿನದೇ ಕೀ ಹತ್ತಿರ ಇದ್ದರೆ ಮಾತ್ರ ಒಪ್ಪುತ್ತದಂತೆ, ಕಳ್ಳರ ಕಾಟಕ್ಕೆ. ರವಿ ಮತ್ತೆ ಚನ್ನರಾಯಪಟ್ಟಣಕ್ಕೆ ಓಡಿ, ಆ ಕೀ ಹುಡುಕಿಸಿ ತಂದು, ಸ್ಟಿಯರಿಂಗ್ ಕೆಳಗೆ ಟೇಪು ಸುತ್ತಿ ಅಂಟಿಸಿದ. "ಎಣ್ಣು ಕೊಟ್ಟೋರೂ ಇಷ್ಟು ತಕರಾರು ಮಾಡ್ತಿರ್ನಿಲ್ಲ ಕಣ್ಲಾ" ಎಂದರು ಮಾವ. ಇಂಜಿನ್ ಹತ್ತಿತು. ಆ ಸದ್ದಿಗೆ ಗ್ಯಾರೇಜಿನ ತಗಡು ಅದುರಿತು, ರೂಪಾ ಕುಣಿದೇಬಿಟ್ಟಳಂತೆ.

ರೇಸು ದುದ್ದದ ಕಡೆ. ರಾಗಿ ಕೊಯ್ದ ಹೊಲಗಳಾಚೆ ಬೀಳುಬಿದ್ದ ಬಯಲಿನಲ್ಲಿ ಮಣ್ಣಿನ ಟ್ರ್ಯಾಕ್ ಮಾಡಿದ್ದರು. ನಾವು ಮನೆಮಂದಿಯೆಲ್ಲ ಹೋದೆವು. ಬುತ್ತಿ, ನೀರಿನ ಕ್ಯಾನು, ಮಾವನಿಗೆ ಪ್ಲಾಸ್ಟಿಕ್ ಕುರ್ಚಿ. ಅತ್ತೆಯ ಕೈಲಿ ಒಂದು ದೊಡ್ಡ ಬ್ಯಾಗು. ಅದರೊಳಗೆ ಏನಿದೆ ಅಂತ ಯಾರೂ ಕೇಳಲಿಲ್ಲ. ಕೇಳಬೇಕಿತ್ತು.

ಸ್ಟಾರ್ಟಿಂಗ್ ಲೈನಿಗೆ ಕಾರು ತಳ್ಳುವ ಮುಂಚೆ ಅತ್ತೆ ಬ್ಯಾಗು ತೆರೆದರು. ನಿಂಬೆಹಣ್ಣು, ಅರಿಶಿನ, ಕುಂಕುಮ, ತೆಂಗಿನಕಾಯಿ. ಅಲ್ಲಿಗೆ ಸರಿ. ನಮ್ಮಲ್ಲಿ ಹೊಸ ಮಿಕ್ಸಿಗೂ ಇಷ್ಟು ಆಗುತ್ತದೆ. ಕೊನೆಗೆ ಹೊರಬಂತು ನೋಡಿ, ಮಾರುಗಟ್ಟಲೆ ಸೇವಂತಿಗೆ! ದಪ್ಪ ದಪ್ಪ ಹೂವು, ಒತ್ತೊತ್ತಾಗಿ ಕಟ್ಟಿದ್ದು. ಅದನ್ನು ಕಾರಿನ ಮೂತಿಗೆ ಅಡ್ಡಡ್ಡ, ಮೂರು ನಾಲ್ಕು ಸುತ್ತು ಬಿಗಿದು ಕಟ್ಟಿದರು. ಎಲ್ಲಿ? ಸರಿಯಾಗಿ ರೇಡಿಯೇಟರ್ ಮುಂದೆ.

ರೂಪಾ ರವಿಯ ಕಿವಿಯಲ್ಲಿ, "ಗಾಳಿ ಓಗೋ ಜಾಗ ಕಣ್ರೀ" ಅಂದಳು.

"ಗೊತ್ತು. ನೀನೇ ತೆಗಿ."

"ನಾನ್ಯಾಕ್ ತೆಗೀಲಿ? ಕಟ್ಟಿರೋದು ನಿಮ್ಮವ್ವ."

ಇಬ್ಬರೂ ನನ್ನ ಕಡೆ ತಿರುಗಿದರು. "ಅತ್ತಿಗೆ, ದೊಡ್ಡ ಸೊಸೆ ನೀವು. ನಿಮ್ ಮಾತು ಕೇಳ್ತಾರೆ" ಎಂದ ರವಿ. ನಾನು ಆಕಾಶ ನೋಡಿದೆ. ಪೂಜೆಯ ಹೂವನ್ನು ಕೀಳಬಾರದು, ಅದಾಗಿ ಉದುರಬೇಕು, ಕಿತ್ತರೆ ಅಪಶಕುನ ಎಂಬುದು ನಮ್ಮ ಅತ್ತೆಯ ಸಂವಿಧಾನ. ಮದುವೆಯಾಗಿ ಇಷ್ಟು ವರ್ಷದಲ್ಲಿ ಅದಕ್ಕೆ ತಿದ್ದುಪಡಿ ತರಲು ನನಗಂತೂ ಧೈರ್ಯ ಬಂದಿಲ್ಲ. ಇಂಜಿನ್ ಕಿತ್ತು ಬೇರೆ ಇಂಜಿನ್ ಕೂರಿಸುವ ಗಂಡಸು, ಲೇಖನ ಬರೆದು ಲೋಕ ತಿದ್ದುವ ಹೆಂಗಸು, ಇಬ್ಬರಿಗೂ ನಾಲ್ಕು ಹೂವು ಕೀಳಲು ಆಗಲಿಲ್ಲ. ಸ್ಪರ್ಧಿಗಳು ಬನ್ನಿ ಅಂತ ಮೈಕಿನಲ್ಲಿ ಕೂಗಿದರು. ರೂಪಾ ಹೆಲ್ಮೆಟ್ ಹಾಕಿ ಹೊರಟೇಬಿಟ್ಟಳು.

ಬಾವುಟ ಬಿತ್ತು. ಅಬ್ಬಬ್ಬಾ, ಆ ಕಾರು ಚಿಮ್ಮಿದ್ದು ನೋಡಬೇಕಿತ್ತು ನೀವು! ಮದುವೆ ಹೆಣ್ಣನ್ನು ಮೆಲ್ಲಗೆ ಕರೆತರುತ್ತಿದ್ದ ಕಾರಾ ಇದು? ಮೊದಲ ನೇರ ದಾರಿಯಲ್ಲೇ ನಾಲ್ಕು ಕಾರು ಹಿಂದೆ. ಮುಂದೆ ಉಳಿದದ್ದು ಹಾಸನದ ಒಬ್ಬನ ಹಳದಿ ಕಾರು ಮಾತ್ರ. ನಾನು ಕಿರುಚಿದ ರಭಸಕ್ಕೆ ಪಕ್ಕದಲ್ಲಿದ್ದವರು ದೂರ ಸರಿದರು.

ಅರ್ಧ ರೇಸು ಮುಗಿಯುವ ಹೊತ್ತಿಗೆ ರವಿಯ ಮುಖ ಬಿಳಿಚಿಕೊಂಡಿತು. ಬಾನೆಟ್ಟಿನ ಅಂಚಿನಿಂದ ಸಣ್ಣಗೆ ಹಬೆ. ಗಾಳಿಯ ಒತ್ತಡಕ್ಕೆ ಸೇವಂತಿಗೆಯೆಲ್ಲ ಅಪ್ಪಚ್ಚಿಯಾಗಿ ರೇಡಿಯೇಟರಿಗೆ ಮೆತ್ತಿಕೊಂಡಿತ್ತು. "ಹೂವಾ! ಹೂವಾ!" ಎಂದು ಬೇಲಿಯ ಪಕ್ಕ ಓಡುತ್ತಾ ಬೊಬ್ಬೆ ಹೊಡೆದ. ಹೆಲ್ಮೆಟ್ಟಿನೊಳಗೆ ಏನು ಕೇಳುತ್ತದೆ ಮಣ್ಣು? ಗಂಡ ಹುರಿದುಂಬಿಸುತ್ತಿದ್ದಾನೆ ಅಂದುಕೊಂಡು ಅವಳು ಇನ್ನೂ ಜೋರಾಗಿ ಒತ್ತಿದಳು.

ಒಳಗೆ ಅವಳ ಎದುರು ಟೆಂಪರೇಚರ್ ಮುಳ್ಳು ಕೆಂಪು ಗೆರೆಯ ಹತ್ತಿರ ಹೋಗುತ್ತಿತ್ತು. ನಿಲ್ಲಿಸಿದರೆ ಇಂಜಿನ್ ಉಳಿಯುತ್ತದೆ, ಕಾರು ಗುಜರಿಗೆ. ನಿಲ್ಲಿಸದಿದ್ದರೆ ಇಂಜಿನ್ ಸುಟ್ಟು, ಆಗಲೂ ಗುಜರಿಗೆ. ಆಗ ನೆನಪಾಯಿತಂತೆ, ಊಟಕ್ಕೆ ಕೂತಾಗ ರವಿ ಕೊರೆಯುತ್ತಿದ್ದ ಇನ್ನೊಂದು ಪಾಠ. ಘಾಟಿ ಹತ್ತುವಾಗ ಇಂಜಿನ್ ಕಾದರೆ ಹೀಟರ್ ಹಾಕು, ಇಂಜಿನ್ನಿನ ಕಾವು ಕ್ಯಾಬಿನ್ನಿಗೆ ಬಂದು ಮುಳ್ಳು ಇಳಿಯುತ್ತದೆ. (ತೂಕ ಇಳಿಸಲು ಎಲ್ಲ ಕಿತ್ತ ರವಿ ಹೀಟರ್ ಯಾಕೆ ಬಿಟ್ಟಿದ್ದ? ಅದನ್ನು ತೆಗೆಯಲು ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಬೇಕು, ಸೋಮಾರಿ!)

ಹಾಕಿದಳು. ಒಲೆಯ ಬಾಯಿ ತೆರೆದಂತೆ ಕಾಲಿಗೆ, ಮುಖಕ್ಕೆ ಬಿಸಿಗಾಳಿ. ಮುಳ್ಳು ಗೆರೆಯ ಹತ್ತಿರವೇ ನಿಂತಿತು. ಕೊನೆಯ ಸುತ್ತು, ಕೊನೆಯ ತಿರುವು. ಹಳದಿ ಕಾರಿನವನು ಧಿಮಾಕಿನಿಂದ ಅಗಲವಾಗಿ ತಿರುಗಿಸಿದ. ಒಳಗಡೆ ಒಂದಿಷ್ಟು ಜಾಗ. ಟ್ರೇಲರನ್ನು ಕೊಟ್ಟಿಗೆ ಸಂದಿಗೆ ನುಗ್ಗಿಸುವವಳಿಗೆ ಅಷ್ಟು ಸಾಲದೇ? ನುಗ್ಗಿಸಿದಳು. ಮುಂದಿನ ನೇರ ದಾರಿಯಲ್ಲಿ ಹೊಸ ಇಂಜಿನ್ ಗುಟುರು ಹಾಕಿತು. ಗೆದ್ದಳು! ಬರೀ ಕಾರಿನ ಮೂತಿಯಷ್ಟು ಅಂತರದಲ್ಲಿ, ನಮ್ಮ ರೂಪಾ ಗೆದ್ದಳು ಸ್ವಾಮೀ!

ನನಗೆ ಕಣ್ಣಲ್ಲಿ ನೀರು ಬಂತು, ನಾಚಿಕೆಯೇನಿಲ್ಲ. ತಿರುಗಿ ನೋಡಿದರೆ ಮಾವ ಕುರ್ಚಿಯ ಮೇಲೆ ನಿಂತಿದ್ದಾರೆ, ಪಂಚೆ ಎತ್ತಿ ಕಟ್ಟಿಕೊಂಡು! "ನನ್ ಕಾರು ಕಣ್ರಲಾ ಅದು! ನನ್ ಸೊಸೆ!" ಎಂದು ಗುರುತು ಪರಿಚಯ ಇಲ್ಲದವರಿಗೆಲ್ಲ ಹೇಳುತ್ತಿದ್ದಾರೆ. ಗುಜರಿಯ ಮಾತು ಎತ್ತಿದ್ದಕ್ಕೆ, "ಯಾವ ಗುಜ್ರಿ? ಯಾರಂದೋರು?" ಎಂದು ನನಗೇ ಗದರಿದರು. ಅತ್ತೆ ಮಾತ್ರ ತಣ್ಣಗೆ ಕಾರಿನ ಮೂತಿಗೆ ಕೈಮುಗಿದು, "ನೋಡ್ದಾ ರೂಪಾ, ಊವು ಉದುರ್ನಿಲ್ಲ, ಅದ್ಕೇ ಗೆದ್ದೆ" ಅಂದರು. ಬೆಂದ ಬದನೆಕಾಯಿಯಂತಾಗಿದ್ದ ರೂಪಾ, "ಊಂ ಅತ್ತೆ" ಎಂದಳು.

ಬಹುಮಾನದ ಕಪ್ಪು ಕೈಗೆ ಬಂದ ಮೇಲೆ, ಕಾರಿಗೆ ಒರಗಿ ನೀರು ಕುಡಿಯುತ್ತಿದ್ದವಳನ್ನು ಕೇಳಿದೆ. "ಅಲ್ವೇ, ಅಷ್ಟು ಬೇಯೋ ಬದಲು ನಿಲ್ಲಿಸಬಾರದಿತ್ತಾ? ಒಂದು ಕಾರಿಗೋಸ್ಕರ ಇಷ್ಟೊಂದಾ?"

"ಅಕ್ಕಾ, ಮನೇಲಿ ಬಾತ್ರೂಮಿಗೋದ್ರೂ ಬಾಗ್ಲು ತಟ್ತಾರೆ. ಟೀ ಎಲ್ಲಿ, ಟವಲ್ ಎಲ್ಲಿ, ಸ್ಪಾನರ್ ಎಲ್ಲಿ. ಇದ್ರೊಳಗೆ ಬೆಲ್ಟ್ ಹಾಕ್ಕೊಂಡು ಕೂತ್ಬುಟ್ರೆ ಯಾರೂ ಕರೆಯಂಗಿಲ್ಲ ಕಣಕ್ಕಾ. ಇದನ್ನ ಗುಜ್ರಿಗೆ ಕೊಟ್ಬುಟ್ಟು ನಾನೆಲ್ಲಿಗೋಗ್ಲಿ?"

ನಾನು ಬಾಯಿ ತೆರೆಯುವಷ್ಟರಲ್ಲಿ ಬುತ್ತಿ ಬಿಚ್ಚಿದ್ದ ಕಡೆಯಿಂದ ರವಿಯ ಕೂಗು ಬಂತು. "ರೂಪಾ, ಉಪ್ಪಿನಕಾಯಿ ಎಲ್ಲಿಟ್ಟಿದ್ದೀಯಾ?"

ರೂಪಾ ಒಮ್ಮೆ ನನ್ನ ಮುಖ ನೋಡಿದಳು. ಕಪ್ಪನ್ನು ನನ್ನ ಕೈಗೆ ಕೊಟ್ಟಳು. ಹೆಲ್ಮೆಟ್ ಹಾಕಿಕೊಂಡು, ಆ ಕುದಿಯುವ ಕಾರಿನೊಳಗೆ ಮತ್ತೆ ಹತ್ತಿ, ಬಾಗಿಲು ಎಳೆದುಕೊಂಡು, ಬೆಲ್ಟ್ ಹಾಕಿದಳು.

ಹೇಳಿ, ನಿಮ್ಮ ಮನೆಯಲ್ಲಿ ನೀವೆಲ್ಲಿ ಕೂತರೆ ಯಾರೂ ಕರೆಯುವುದಿಲ್ಲ?